ಭಾವನ ತಲೆಯೊಳಗಿನ ಮೂರು ಮಿಲಿಮೀಟರು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಈಗೀಗ ಯಾರಾದರೂ ನನ್ನನ್ನು ತಡೆದು ನಿಲ್ಲಿಸಿದರೆ ಅರ್ಧಕ್ಕರ್ಧ ಸಲ ಕೇಳುವ ಪ್ರಶ್ನೆ ಒಂದೇ. “ಮಾಸ್ಟ್ರೇ, ನಿಮ್ಮ ಭಾವನಿಗೆ ತಲೆಯೊಳಗೆ ಸ್ಟೆಂಟ್ ಹಾಕಿ ಸರಿಯಾಯಿತಲ್ಲ, ನಮ್ಮ ಅಪ್ಪನಿಗೂ ಸ್ಕ್ಯಾನಿಂಗಿನಲ್ಲಿ ತಲೆಯ ನರ ಸಪೂರ ಆಗಿದೆ ಅಂತ ಬಂದಿದೆ. ಎಲ್ಲಿ ಹಾಕಿಸುವುದು?” ನಿಂತ ನಿಲುವಿನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಲು ಹೋಗಿ ಪ್ರತಿ ಸಲವೂ ಸೋತಿದ್ದೇನೆ, ಏಕೆಂದರೆ ನಾನು ಹೇಳಬೇಕಾದದ್ದು ಅವರು ಕೇಳಲು ಬಯಸುವುದಕ್ಕೆ ವಿರುದ್ಧವಾಗಿದೆ. ಸ್ಟೆಂಟೆಂದರೆ ಕಿರಿದಾದ ರಕ್ತನಾಳವನ್ನು (ಪೇಟೆಯ ಮಾತಿನ ‘ನರ’) ಒಳಗಿನಿಂದ ತೆರೆದಿಡುವ ಸಣ್ಣ ಜಾಲರಿ ಕೊಳವೆ. ಪಕ್ಷವಾತ ಬಂದ ಭಾವನನ್ನು ಉಳಿಸಿದ ಅದೇ ಸ್ಟೆಂಟನ್ನು ಅವರ ಅಪ್ಪನಿಗೆ ಈಗ ಹಾಕಿದರೆ ಒಳಿತಿಗಿಂತ ಕೆಡುಕೇ ಹೆಚ್ಚಾಗಬಹುದು. ನಾನು ವೈದ್ಯನಲ್ಲ, ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಆದರೆ ಆ ದಿನ, ರಕ್ತನಾಳದೊಳಗೆ ಕೊಳವೆ ಹಾಯಿಸಿ ಚಿಕಿತ್ಸೆ ಮಾಡುವ ಕೋಣೆಯಾದ ಕ್ಯಾಥ್‌ಲ್ಯಾಬಿನ ಬಾಗಿಲಲ್ಲಿ ಕೂತು ಕಂಡದ್ದನ್ನೂ ಆ ಬಳಿಕ ಓದಿ ತಿಳಿದದ್ದನ್ನೂ ಒಂದು ಕಡೆ ಬರೆದಿಟ್ಟರೆ, ಪೇಟೆಯಲ್ಲಿ ಕೇಳುವವರಿಗೆ ಇದನ್ನೇ ಕಳುಹಿಸಬಹುದೆಂದು ಕುಳಿತಿದ್ದೇನೆ.

2023ರ ಫೆಬ್ರವರಿಯ ಒಂದು ಬೆಳಗ್ಗೆ. ತೋಟಕ್ಕೆ ನೀರು ಬಿಡುವ ಕಾಲ. ಭಾವನದ್ದು ಒಂದು ಅಭ್ಯಾಸವಿತ್ತು: ಪಂಪ್‌ಶೆಡ್ಡಿನ ಗೋಡೆಗೆ ತೂಗುಹಾಕಿದ ನೂರು ಪುಟದ ನೋಟುಪುಸ್ತಕದಲ್ಲಿ, ದಿನವೂ ಪಂಪು ಚಾಲೂ ಮಾಡಿದ ಗಂಟೆಯನ್ನೂ ಯಾವ ಸಾಲಿನ ಸ್ಪ್ರಿಂಕ್ಲರಿಗೆ ನೀರು ಬಿಟ್ಟದ್ದೆಂಬುದನ್ನೂ ಬರೆಯುವುದು. ಅಂದು “6.10, ಕೆಳಗಿನ ಸಾಲು” ಎಂದು ಬರೆದಿದ್ದರು. ಅರ್ಧ ಗಂಟೆ ಕಳೆದರೂ ಮೇಲಿನ ಸಾಲಿಗೆ ನೀರು ಬಾರದ್ದನ್ನು ಕಂಡು ಅಕ್ಕ ಇಳಿದು ಹೋದಾಗ, ಅವರು ಗೇಟ್ ವಾಲ್ವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಲಗೈಯನ್ನು ಚಕ್ರದ ಮೇಲಿಟ್ಟುಕೊಂಡಿದ್ದರಂತೆ. ಬೆರಳುಗಳು ಚಕ್ರವನ್ನು ಹಿಡಿಯುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡಿದರು, ಬಾಯಿ ಎಡಕ್ಕೆ ಎಳೆದುಕೊಂಡಿತ್ತು, ಮಾತು ಬರಲಿಲ್ಲ.

ನನಗೆ ಫೋನು ಬಂದಾಗ ಏಳು ಗಂಟೆ. “ತಮ್ಮಾ, ಇವರಿಗೆ ಎಂತದೋ ಆಗಿದೆ, ಬೇಗ ಬಾ.” ನಾನು ಮುಟ್ಟುವಷ್ಟರಲ್ಲಿ ನೆರೆಯವರೊಬ್ಬರು ಸಕ್ಕರೆ ಕಡಿಮೆಯಾದದ್ದಿರಬೇಕೆಂದು ಬೆಲ್ಲದ ನೀರನ್ನು ಬಾಯಿಗೆ ಹೊಯ್ಯುತ್ತಿದ್ದರು, ಅದರಲ್ಲಿ ಅರ್ಧ ತುಟಿಯ ಬಲಬದಿಯಿಂದ ಅಂಗಿಯ ಮೇಲೆ ಸುರಿದಿತ್ತು. ನುಂಗುವ ಶಕ್ತಿ ಕುಂದಿದವನ ಬಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿಯಬಹುದೆಂಬುದು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹತ್ತಿರದ ಒಂದು ಆಸ್ಪತ್ರೆಗೆ ಒಯ್ದೆವು. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಇಲ್ಲದ್ದು ತಪ್ಪಲ್ಲ, ಇಲ್ಲವೆಂದು ಬಾಗಿಲಲ್ಲೇ ಹೇಳಿ ಮುಂದಕ್ಕೆ ಕಳುಹಿಸದೆ, ಬಿ.ಪಿ. ಜಾಸ್ತಿಯಿದೆ, ಇಳಿದ ಮೇಲೆ ನೋಡುವ ಎಂದು ಡ್ರಿಪ್ ಏರಿಸಿ ನಲವತ್ತು ನಿಮಿಷ ಮಲಗಿಸಿದ್ದು ತಪ್ಪು. ಧಮನಿ ಮುಚ್ಚಿದಾಗ ಬಿ.ಪಿ. ಏರುವುದು, ಎಷ್ಟೋ ವೇಳೆ, ಅಡ್ಡದಾರಿಗಳಿಂದಲಾದರೂ ಮಿದುಳಿಗೆ ರಕ್ತ ತಲಪಿಸಲು ದೇಹ ಮಾಡುವ ಪ್ರಯತ್ನ. ದೊಡ್ಡ ಧಮನಿಯೊಂದು ಮುಚ್ಚಿಕೊಂಡಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಮಾಡಿದ ಲೆಕ್ಕವೊಂದಿದೆ. ಆ ನಲವತ್ತು ನಿಮಿಷವನ್ನು ಅದರಿಂದ ಗುಣಿಸಿ ನೋಡಿದ ಮೇಷ್ಟ್ರ ಬುದ್ಧಿ ನನ್ನದು. ಗುಣಿಸಿದ ಮೇಲೆ ಅಕ್ಕನಿಗೆ ಹೇಳಲಿಲ್ಲ.

ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರು. ಜಿಲ್ಲೆ ಕೇರಳದ್ದಾದರೂ ಕಾಲು ಎಳೆಯುವುದು ಉತ್ತರಕ್ಕೇ. ಸೀತಾಂಗೋಳಿ, ಕುಂಬಳೆ ದಾಟಿ ಹೆದ್ದಾರಿ ಹಿಡಿದಾಗ ಆರು ಪಥದ ಕೆಲಸ ನಡೆಯುತ್ತಿತ್ತು, ಉಪ್ಪಳದಲ್ಲಿ ಆಂಬುಲೆನ್ಸಿನ ಸದ್ದಿಗೂ ಜಾಗ ಬಿಡಲು ಜಾಗವಿರಲಿಲ್ಲ. ತಲಪಾಡಿ ದಾಟುವಾಗ, ಮೂರು ವರ್ಷದ ಹಿಂದೆ ಕೊರೊನಾ ಕಾಲದಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದ ಆ ಮಾರ್ಚ್ ತಿಂಗಳು ನೆನಪಾಗಿ ಕೈ ತಣ್ಣಗಾಯಿತು. ಅಂದು ಹೀಗಾಗಿದ್ದರೆ ಎಂಬ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಆಸ್ಪತ್ರೆ ಮುಟ್ಟಿದ್ದು 9.20ಕ್ಕೆ. ಹೆಸರು ಕೇಳುವ ಮೊದಲೇ ಅಲ್ಲಿನ ಕಿರಿಯ ವೈದ್ಯೆ ಕೇಳಿದ್ದು, “ಕೊನೆಯದಾಗಿ ಇವರು ಪೂರ್ತಿ ಸರಿಯಿದ್ದದ್ದು ಎಷ್ಟು ಗಂಟೆಗೆ?” ಅಕ್ಕ ಕಂಡ ಹೊತ್ತು ಅವರಿಗೆ ಬೇಕಾಗಿರಲಿಲ್ಲ, ಕಾಣುವ ಮೊದಲು ಎಷ್ಟು ಹೊತ್ತಿನಿಂದ ಹಾಗಿದ್ದರೋ ಯಾರಿಗೆ ಗೊತ್ತು. ಆಗ ಅಕ್ಕ, “ಆರು ಹತ್ತಕ್ಕೆ ಪುಸ್ತಕದಲ್ಲಿ ಬರೆದಿದ್ದಾರೆ, ಅಕ್ಷರ ಸರಿ ಉಂಟು” ಎಂದಳು. ಆ ಒಂದು ಸಾಲಿನಿಂದ ಗಂಟೆಯ ಲೆಕ್ಕ ಆರು ಹತ್ತರಿಂದ ಶುರುವೆಂದು ನಿಶ್ಚಯವಾಯಿತು. ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಎಂಬ ಔಷಧವನ್ನು ರೋಗ ಹಿಡಿದ ಮೂರು ಗಂಟೆಯೊಳಗೆ ಕೊಡಬಹುದೆಂದು 1995ರಲ್ಲೂ, ನಾಲ್ಕೂವರೆ ಗಂಟೆಯವರೆಗೂ ಕೊಡಬಹುದೆಂದು 2008ರಲ್ಲೂ ಸಾಬೀತಾಗಿತ್ತು. ಸರಿಯಿದ್ದ ಹೊತ್ತು ಗೊತ್ತಿಲ್ಲದಿದ್ದರೆ ಆ ಔಷಧದ ದಾರಿ ಕಷ್ಟವಾಗುತ್ತಿತ್ತು. ಮೊದಲು ಸಿಟಿ ಸ್ಕ್ಯಾನ್ ಮಾಡಿ ತಲೆಯೊಳಗೆ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಂಡರು. ರಕ್ತ ಸೋರಿ ಆದ ಪಕ್ಷವಾತಕ್ಕೆ ಇದೇ ಔಷಧ ಕೊಟ್ಟರೆ ಕೊಂದಂತೆಯೇ. ಹತ್ತು ಗಂಟೆಗೆ ಔಷಧ ರಕ್ತನಾಳಕ್ಕೆ ಹೋಯಿತು: ದೇಹತೂಕದ ಕಿಲೋಗೆ 0.9 ಮಿಲಿಗ್ರಾಂ, ಅದರಲ್ಲಿ ಹತ್ತನೆಯ ಒಂದು ಪಾಲು ಒಮ್ಮೆಗೆ, ಉಳಿದದ್ದು ಒಂದು ಗಂಟೆಯ ಅವಧಿಯಲ್ಲಿ. ಅಷ್ಟರಲ್ಲಿ ಬಣ್ಣದ ದ್ರವ ಕೊಟ್ಟು ತೆಗೆದ ಇನ್ನೊಂದು ಸ್ಕ್ಯಾನಿನಲ್ಲಿ, ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ಮಧ್ಯದ ಧಮನಿ ಬುಡದಲ್ಲೇ ಕಡಿದಂತೆ ನಿಂತದ್ದು ಕಂಡಿತ್ತು. ಬಲಗೈಯೂ ಮಾತೂ ಒಟ್ಟಿಗೆ ಹೋದದ್ದೇಕೆಂದು ಆ ಚಿತ್ರ ನೋಡಿದಾಗ ತಿಳಿಯಿತು. ಇಷ್ಟು ದೊಡ್ಡ ಹೆಪ್ಪು ಔಷಧಕ್ಕೆ ಮಾತ್ರ ಕರಗುವುದು ಅಪರೂಪವೆಂದೂ ತೊಡೆಸಂದಿನಿಂದ ಕೊಳವೆ ಏರಿಸಿ ಎಳೆದು ತೆಗೆಯಬೇಕೆಂದೂ ಹೇಳಿದರು.

ಈ ಎಳೆದು ತೆಗೆಯುವ ಕ್ರಮ ನಿಶ್ಚಿತವಾಗಿ ಗೆದ್ದದ್ದು 2015ರಲ್ಲಿ, ಒಂದರ ಹಿಂದೊಂದು ಪ್ರಕಟವಾದ ಐದು ಅಧ್ಯಯನಗಳಿಂದ. ಅವುಗಳಲ್ಲಿ ಮೊದಲನೆಯದಾದ, ನೆದರ್ಲೆಂಡ್ಸಿನ 500 ರೋಗಿಗಳ ಅಧ್ಯಯನದಲ್ಲಿ ಮೂರು ತಿಂಗಳ ಬಳಿಕ ಪರರ ನೆರವಿಲ್ಲದೆ ಬದುಕುವವರು ಶೇಕಡಾ 19.1ರಿಂದ 32.6ಕ್ಕೆ ಏರಿದರು. 2018ರ ಹೊತ್ತಿಗೆ, ಸ್ಕ್ಯಾನಿನಲ್ಲಿ ಉಳಿಸಬಹುದಾದ ಮಿದುಳು ಇನ್ನೂ ಇದೆಯೆಂದು ಕಂಡುಬಂದ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಇದು ಫಲಿಸುತ್ತದೆಂದು ತಿಳಿಯಿತು. ಇಲ್ಲೊಂದು ಹೆಸರಿನ ಗೊಂದಲವಿದೆ. ಹೆಪ್ಪನ್ನು ಹಿಡಿಯುವ ಸಾಧನದ ಹೆಸರಿನಲ್ಲೂ ‘ಸ್ಟೆಂಟ್’ ಎಂಬ ಮಾತು ಸೇರಿಕೊಂಡಿದೆ. ಅದು ಹೆಪ್ಪಿನೊಳಗೆ ಬಲೆಯಂತೆ ಅರಳಿ, ಹೆಪ್ಪನ್ನು ಕಚ್ಚಿಕೊಂಡು, ಅದರೊಂದಿಗೇ ಹೊರಗೆ ಬರುತ್ತದೆ. ತಲೆಯೊಳಗೆ ಏನೂ ಉಳಿಯುವುದಿಲ್ಲ. ತಮಗೂ ಸ್ಟೆಂಟ್ ಹಾಕಿದ್ದಾರೆ ಎನ್ನುವ ಒಬ್ಬಿಬ್ಬರ ಡಿಸ್ಚಾರ್ಜ್ ಚೀಟಿ ಓದಿ ನೋಡಿದಾಗ ಅವರಿಗೆ ಆದದ್ದು ಇದೇ ಆಗಿತ್ತು.

ಭಾವನಿಗೂ ಇಷ್ಟರಲ್ಲೇ ಮುಗಿಯಬೇಕಿತ್ತು. ಹನ್ನೊಂದೂಕಾಲರ ಹೊತ್ತಿಗೆ ವೈದ್ಯರು ಸೀಸದ ಅಂಗಿಯಲ್ಲೇ ಹೊರಗೆ ಬಂದು, ನಮ್ಮ ಕೈಯಲ್ಲಿದ್ದ ಫಾರ್ಮಿನ ಹಿಂಬದಿಯಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದು, ನಡುವೆ ಒಂದು ಉಬ್ಬು ಬರೆದರು. “ಹೆಪ್ಪು ಬಂತು. ಆದರೆ ಬಂದ ಜಾಗದಲ್ಲಿ ನಾಳ ಮೊದಲೇ ಕಿರಿದಾಗಿ ಹೋಗಿದೆ. ಹತ್ತು ನಿಮಿಷ ಕಾದು ನೋಡಿದೆವು, ಪುನಃ ಮುಚ್ಚಿಕೊಳ್ಳುತ್ತಾ ಇದೆ. ಬಲೂನಿನಿಂದ ಅಗಲ ಮಾಡಿ ನೋಡುತ್ತೇವೆ, ಅದೂ ನಿಲ್ಲದಿದ್ದರೆ ಸ್ಟೆಂಟ್.”

“ಹಾಕದಿದ್ದರೆ?” ಎಂದಳು ಅಕ್ಕ.

“ಹಾಕದಿದ್ದರೆ ಮಿದುಳಿನ ಎಡಭಾಗ ದೊಡ್ಡದಾಗಿ ಹೋಗಬಹುದಮ್ಮ. ಹಾಕಿದರೆ ರಕ್ತಸ್ರಾವ ಆಗಬಹುದು.”

ಬೆಂಗಳೂರಿನಿಂದ ಫೋನಿನಲ್ಲಿದ್ದ ಸೋದರಳಿಯ, “ಮಾವ, ಹಾರ್ಟಿಗೆ ದಿನಕ್ಕೆ ಎಷ್ಟು ಜನಕ್ಕೆ ಹಾಕುತ್ತಾರೆ, ಇದಕ್ಕೆ ಯಾಕೆ ಇಷ್ಟು ಹೆದರಿಸುತ್ತಾರೆ?” ಎಂದ. ನನಗೂ ಅದೇ ಪ್ರಶ್ನೆಯಿತ್ತು. ಉತ್ತರ ಅರ್ಥವಾದದ್ದು ಆಮೇಲೆ, ಅದೂ ತೋಟದಲ್ಲಿ.

ಸ್ಪ್ರಿಂಕ್ಲರಿನ ಜೆಟ್ಟು ಎರಡು ಕಾರಣಕ್ಕೆ ನಿಲ್ಲುತ್ತದೆಂಬುದು ಅಡಕೆ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಕೆರೆಯಿಂದ ಕಸ ಬಂದು ಸಿಕ್ಕಿಕೊಂಡರೆ, ಕಡ್ಡಿ ಹಾಕಿ ತೆಗೆದುಬಿಟ್ಟರಾಯಿತು, ನೀರು ಮೊದಲಿನಂತೆ ಹಾರುತ್ತದೆ. ಪೈಪಿನ ಒಳಗೇ ವರ್ಷಗಳಿಂದ ಕಲೆ ಕಟ್ಟಿ ಸಪೂರವಾಗಿದ್ದರೆ, ಇಂದು ಕಸ ತೆಗೆದರೂ ನಾಳೆ ಅದೇ ಜಾಗದಲ್ಲಿ ಇನ್ನೊಂದು ಎಲೆ ನಿಲ್ಲುತ್ತದೆ. ಹೃದಯದಿಂದ ಕಳಚಿ ಬಂದ ಹೆಪ್ಪು ಮೊದಲನೆಯ ಬಗೆ. ಧಮನಿಯ ಗೋಡೆಯಲ್ಲೇ ಕೊಬ್ಬು ಕೂತು, ಅದರ ಮೇಲ್ಮೈ ಒಡೆದು ಅಲ್ಲೇ ರಕ್ತ ಹೆಪ್ಪುಗಟ್ಟಿದರೆ ಎರಡನೆಯದು. ತಲೆಬುರುಡೆಯ ಒಳಗಿನ ಧಮನಿಗಳಲ್ಲಿ ಹೀಗೆ ಕೊಬ್ಬು ಕೂರುವುದು ಬಿಳಿಯರಿಗಿಂತ ನಮ್ಮಂತಹ ಏಷ್ಯಾದವರಲ್ಲಿ ಹೆಚ್ಚು. ಭಾವನಿಗೆ ಹದಿನೈದು ವರ್ಷದ ಬಿ.ಪಿ., ನೆನಪಾದಾಗ ಮಾತ್ರ ನುಂಗುವ ಮಾತ್ರೆ, ವೀಳ್ಯದೊಂದಿಗೆ ದಿನಕ್ಕೆ ಹತ್ತು ಸಲ ಹೊಗೆಸೊಪ್ಪು.

ಹಾಗಾದರೆ ಪೈಪನ್ನು ಅಗಲ ಮಾಡಿದರಾಯಿತಲ್ಲ? ಕಾಲಿನ ಧಮನಿಯನ್ನು ಹೀಗೆ ಒಳಗಿನಿಂದಲೇ ಅಗಲಿಸುವ ಕೆಲಸವನ್ನು ಅಮೆರಿಕದ ಚಾರ್ಲ್ಸ್ ಡಾಟರ್ 1964ರಲ್ಲೇ ಮಾಡಿದ್ದ; ಹೃದಯದ ಧಮನಿಯಲ್ಲಿ ಬಲೂನು ಊದಿದ್ದು 1977ರಲ್ಲಿ ಜ್ಯೂರಿಕ್‌ನಲ್ಲಿ, ಆಂಡ್ರಿಯಾಸ್ ಗ್ರುಂಟ್ಸಿಗ್. ಮಿದುಳಿನ ಧಮನಿ ಮಾತ್ರ ಬೇರೆಯೇ ವಸ್ತು. ಹೃದಯದ ಧಮನಿ ಸ್ನಾಯುವಿನ ಮೇಲೆ, ಕೊಬ್ಬಿನ ನಡುವೆ ಒತ್ತಾಗಿ ಕೂತಿರುತ್ತದೆ. ಮಿದುಳಿನದ್ದು ನೀರಿನಂತಹ ದ್ರವದಲ್ಲಿ ತೇಲುತ್ತಿರುತ್ತದೆ, ಹೊರಗಿನಿಂದ ಹಿಡಿದುಕೊಳ್ಳುವ ಅಂಗಾಂಶವಿಲ್ಲ. ಗೋಡೆಯೂ ತೆಳು, ಬೇರೆಡೆಯ ಧಮನಿಗಳಿಗೆ ಹೊರಗೆ ಇರುವ ಸ್ಥಿತಿಸ್ಥಾಪಕ ಪದರವೊಂದು ಇದಕ್ಕೆ ಇಲ್ಲವೆನ್ನುವಷ್ಟೇ. ಭಾವನ ಆ ಧಮನಿ ಸರಿಯಿದ್ದಾಗಲೂ ಮೂರು ಮಿಲಿಮೀಟರಿನೊಳಗಿನದು, ಅಡಕೆಯ ಹಾಳೆ ಹೊಲಿಯುವ ದಬ್ಬಣದಷ್ಟು ದಪ್ಪ. ಒಂದು ಕೂದಲೆಳೆ ಹೆಚ್ಚು ಊದಿದರೆ ಹರಿಯುತ್ತದೆ, ಹರಿದರೆ ರಕ್ತ ನೇರ ಮಿದುಳಿನ ಸುತ್ತ. ಇನ್ನೂ ಒಂದು ತೊಡಕಿದೆ. ಆ ಧಮನಿಯ ಮೇಲ್ಗೋಡೆಯಿಂದ ಕೂದಲಿನಂತಹ ಕವಲುಗಳು ಹೊರಟು, ಕೈಕಾಲಿನ ಚಲನೆಯ ತಂತುಗಳೆಲ್ಲ ಒತ್ತಾಗಿ ಹಾದುಹೋಗುವ ಒಂದು ಇಕ್ಕಟ್ಟಾದ ಜಾಗಕ್ಕೆ ರಕ್ತ ಒಯ್ಯುತ್ತವೆ. ಸ್ಟೆಂಟು ಕೊಬ್ಬನ್ನು ಗೋಡೆಗೆ ಒತ್ತಿದಾಗ, ಅದು ಕೆಸರಿನಂತೆ ಸರಿದು ಈ ಕವಲುಗಳ ಬಾಯಿ ಮುಚ್ಚಿದರೆ, ದೊಡ್ಡ ದಾರಿ ತೆರೆದೂ ಕೈ ಹೋದಂತೆಯೇ.

ಎಲ್ಲಕ್ಕಿಂತ ಬಿಗಿಯಾದ ಗಂಟು ಔಷಧದ್ದು. ಸ್ಟೆಂಟೆಂದರೆ ಲೋಹ, ಲೋಹ ಕಂಡ ಕೂಡಲೇ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ಟುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಅದನ್ನು ತಡೆಯಲು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎಂಬ ಎರಡು ಮಾತ್ರೆ ಬೇಕು, ಸಾವಕಾಶದಲ್ಲಿ ಮಾಡುವಾಗ ಅವನ್ನು ಮೊದಲೇ ಆರಂಭಿಸಿರುತ್ತಾರೆ. ಇಲ್ಲಿ ಆ ಸಾವಕಾಶವಿರಲಿಲ್ಲ. ಅದರ ಮೇಲೆ ಹತ್ತು ಗಂಟೆಗೆ ಕೊಟ್ಟ ಹೆಪ್ಪು ಕರಗಿಸುವ ಔಷಧ ಮೈಯಲ್ಲಿ ಇತ್ತು. ಆ ಔಷಧ ಕೊಟ್ಟ ಬಳಿಕ 24 ಗಂಟೆ ಆಸ್ಪಿರಿನ್ ಕೂಡ ಕೊಡುವುದಿಲ್ಲವೆಂಬುದು ಸಾಮಾನ್ಯ ನಿಯಮ. ಕೊಟ್ಟರೆ ತಲೆಯೊಳಗೆ ರಕ್ತ ಸೋರುವ ಭಯ, ಕೊಡದಿದ್ದರೆ ಹಾಕಿದ ಸ್ಟೆಂಟೇ ಗಂಟೆಯೊಳಗೆ ಮುಚ್ಚಿಕೊಳ್ಳುವ ಭಯ. ವೈದ್ಯರು ನಮ್ಮನ್ನು ಹೆದರಿಸುತ್ತಿದ್ದಾರೆಂದು ಅಳಿಯ ತಿಳಿದದ್ದು, ವಾಸ್ತವದಲ್ಲಿ ಅವರೇ ಹಗ್ಗದ ಮೇಲೆ ನಿಂತು ಕೆಳಗೆ ನೋಡಿದ ಮಾತು.

ಫಾರ್ಮು ಇಂಗ್ಲಿಷಿನಲ್ಲಿತ್ತು. ನಾನು ಓದಿ ಅಕ್ಕನಿಗೆ ಹೇಳಿದೆ, ಅವಳು ಕನ್ನಡದಲ್ಲಿ ಸಹಿ ಹಾಕಿದಳು. ಮೊದಲು ಧಮನಿಯ ಅಳತೆಗಿಂತ ಸಣ್ಣ ಬಲೂನನ್ನು ನಿಧಾನವಾಗಿ ಊದಿದರಂತೆ. ರಕ್ತ ಹರಿಯಿತು. ಕಾದರು. ಪುನಃ ಇಳಿಮುಖವಾಯಿತು. ಆಮೇಲೆ ಸ್ಟೆಂಟ್. ರಕ್ತನಾಳದ ಮೂಲಕ, ಆ ಕಣಗಳು ಅಂಟಿಕೊಳ್ಳುವುದನ್ನು ತಡೆಯುವ ಟೈರೋಫಿಬಾನ್ ಎಂಬ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಹರಿಸುತ್ತಾ, ಬಿ.ಪಿ.ಯನ್ನು ಗೆರೆ ಎಳೆದಂತೆ ಹಿಡಿದು, ಆ ರಾತ್ರಿಯಿಡೀ ನರ್ಸು ಕಣ್ಣಿಗೆ ಟಾರ್ಚು ಬಿಟ್ಟು “ಕೈ ಎತ್ತಿ” ಎನ್ನುತ್ತಿದ್ದುದು ಗಾಜಿನಾಚೆಗೆ ಕಾಣುತ್ತಿತ್ತು. ಮರುದಿನದ ಸ್ಕ್ಯಾನಿನಲ್ಲಿ ಚುಕ್ಕಿಯಷ್ಟು ರಕ್ತ ಕಂಡಿತು, ಹರಡಲಿಲ್ಲ.

ಮೂರನೆಯ ದಿನ ಭಾವ ಮಾತಾಡಿದರು. ಮನೆಯ ಮಾತು ಕನ್ನಡ, ಅಂಗಡಿಯದ್ದು ಮಲಯಾಳ, ತೋಟದ ಆಳುಗಳೊಂದಿಗಿನದ್ದು ತುಳು. ಮೊದಲು ಮರಳಿ ಬಂದದ್ದು ತುಳು. ಕನ್ನಡದಲ್ಲಿ ಚಿತ್ರ ತೋರಿಸಿ ಹೆಸರು ಕೇಳುವ ಸ್ಪೀಚ್ ಥೆರಪಿಯವರಿಗೆ ಅವರು ತುಳುವಿನಲ್ಲಿ ಉತ್ತರಿಸುತ್ತಿದ್ದರು, ಆಕೆ ಮಂಗಳೂರಿನವರಾದ್ದರಿಂದ ಮಾರ್ಕು ಕಳೆಯಲಿಲ್ಲ. ಕನ್ನಡ ಪೂರ್ತಿಯಾಗಿ ಬರಲು ಮಳೆಗಾಲ ಬೇಕಾಯಿತು. ಒಳ್ಳೆಯ ದರಕ್ಕೆಂದು ಅಟ್ಟದಲ್ಲಿ ಇಟ್ಟಿದ್ದ ಡಬ್ಬಲ್ ಚೋಲು ಎಂಬ ಹಳೆಯ ಅಡಕೆಯೆಲ್ಲ ಆಸ್ಪತ್ರೆಯ ಖರ್ಚಿಗೆಂದು ಆ ತಿಂಗಳಲ್ಲೇ ತಕ್ಕಡಿ ಏರಿತು.

ಈಗ ಪೇಟೆಯ ಪ್ರಶ್ನೆಗೆ ಬರುತ್ತೇನೆ. ಸ್ಕ್ಯಾನಿನಲ್ಲಿ ನರ ಸಪೂರವೆಂದು ಕಂಡಿದೆ, ಒಮ್ಮೆ ಸಣ್ಣದಾಗಿ ಪಕ್ಷವಾತ ಬಂದು ಹೋಗಿದೆ, ಸದ್ಯ ಓಡಾಡುತ್ತಿದ್ದಾರೆ. ಇಂತಹವರಿಗೆ ಮುನ್ನೆಚ್ಚರಿಕೆಯಾಗಿ ಸ್ಟೆಂಟ್ ಹಾಕುವುದು ಬುದ್ಧಿವಂತಿಕೆಯೆಂದು ವೈದ್ಯರೂ ಒಂದು ಕಾಲದಲ್ಲಿ ನಂಬಿದ್ದರು. ಅಮೆರಿಕದಲ್ಲಿ ಸ್ಯಾಂಪ್ರಿಸ್ ಎಂಬ ಅಧ್ಯಯನದಲ್ಲಿ, ಧಮನಿ ಶೇಕಡಾ 70ರಿಂದ 99ರಷ್ಟು ಕಿರಿದಾಗಿ ಈಚೆಗಷ್ಟೇ ತೊಂದರೆ ಕಾಣಿಸಿಕೊಂಡ 451 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕಟ್ಟುನಿಟ್ಟಿನ ಮಾತ್ರೆ, ಇನ್ನೊಂದಕ್ಕೆ ಅದೇ ಮಾತ್ರೆಯ ಜೊತೆ ಸ್ಟೆಂಟ್ ಕೊಟ್ಟರು. ಮೂವತ್ತು ದಿನದೊಳಗೆ ಪಕ್ಷವಾತ ಅಥವಾ ಸಾವು ಸ್ಟೆಂಟಿನ ಪಾಲಿನಲ್ಲಿ ಶೇಕಡಾ 14.7, ಮಾತ್ರೆಯವರಲ್ಲಿ 5.8. 2011ರ ಏಪ್ರಿಲಿನಲ್ಲಿ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿಬಿಟ್ಟರು. ಗೆದ್ದ ಮಾತ್ರೆಗಳು ಹೊಸವೇನಲ್ಲ: ಆಸ್ಪಿರಿನ್, ಮೂರು ತಿಂಗಳು ಕ್ಲೋಪಿಡೋಗ್ರೆಲ್, ಕೆಟ್ಟ ಕೊಲೆಸ್ಟರಾಲನ್ನು 70ಕ್ಕಿಂತ ಕೆಳಗಿಳಿಸುವ ಸ್ಟ್ಯಾಟಿನ್, ಬಿ.ಪಿ.ಯ ಮೇಲಿನ ಅಂಕಿ 140ರ ಒಳಗೆ. ಬದಿಯಡ್ಕದ ಮೆಡಿಕಲ್ಲಿನಲ್ಲೇ ಸಿಗುವಂಥವು. 2022ರಲ್ಲಿ ಚೀನಾದಲ್ಲಿ ಹೆಚ್ಚು ಎಚ್ಚರದಿಂದ ರೋಗಿಗಳನ್ನು ಆಯ್ದು ಮತ್ತೆ ನೋಡಿದಾಗ ಸ್ಟೆಂಟಿನಿಂದ ಅಷ್ಟು ಹಾನಿ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. 2024ರಲ್ಲಿ ಅಲ್ಲಿಯದೇ 501 ರೋಗಿಗಳ ಇನ್ನೊಂದು ಅಧ್ಯಯನ ಮಾತ್ರ ಬೇರೆ ದನಿಯಲ್ಲಿ ಮಾತಾಡಿತು: ಸ್ಟೆಂಟ್ ಬಿಟ್ಟು, ಅಳತೆಗಿಂತ ಸಣ್ಣ ಬಲೂನಿನಿಂದ ತುಸುವೇ ಅಗಲಿಸಿದವರಲ್ಲಿ ವರ್ಷದೊಳಗಿನ ಕೆಡುಕುಗಳು ಶೇಕಡಾ 4.4, ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ 13.5. ಪಳಗಿದ ಕೈಗಳು ಮಾಡಿದ ಕೆಲಸವದು. ನನ್ನ ಮಟ್ಟಿಗೆ ಅದು ಆಸೆ ಹುಟ್ಟಿಸುವ ಸುದ್ದಿ, ಓಡಿಹೋಗಿ ಮಾಡಿಸಿಕೊಳ್ಳುವ ಸುದ್ದಿಯಲ್ಲ.

ಭಾವನಿಗೆ ಮಾಡಿದ್ದರ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಹೆಪ್ಪು ತೆಗೆದ ಮೇಲೂ ಧಮನಿ ತೆರೆದು ನಿಲ್ಲದಾಗ ಬಲೂನು, ಸ್ಟೆಂಟುಗಳಿಗೆ ಕೈ ಹಾಕುವುದನ್ನು ಚೀನಾದ 348 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನವೂ 2024ರಲ್ಲೇ ಬಂತು. ಒಟ್ಟು ಲೆಕ್ಕದಲ್ಲಿ ಅದರಿಂದ ಚೇತರಿಕೆ ಹೆಚ್ಚಲಿಲ್ಲ, ರಕ್ತಸ್ರಾವವೂ ಧಮನಿಯ ಗೋಡೆ ಸೀಳುವುದೂ ಹೆಚ್ಚಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮುಂದಿನ ತಪಾಸಣೆಗೆ ಹೋದಾಗ ವೈದ್ಯರಲ್ಲಿ ಕೇಳಿಯೂಬಿಟ್ಟೆ. ಅವರು ನಕ್ಕು, “ನಿಮ್ಮ ಭಾವನದ್ದು ಕಣ್ಣೆದುರೇ ಮುಚ್ಚಿಕೊಳ್ಳುತ್ತಾ ಇತ್ತು ಮಾಸ್ಟ್ರೇ, ಬೇರೆ ದಾರಿ ಇದ್ದಿದ್ದರೆ ನಾನೇ ಹಾಕುತ್ತಿರಲಿಲ್ಲ” ಎಂದರು. ಒಬ್ಬರಿಗೆ ಒಳ್ಳೆಯದಾದದ್ದನ್ನು ಊರಿಗೆಲ್ಲ ಔಷಧವೆಂದು ಹಂಚಲು ಬಾರದು, ನಾನು ಪೇಟೆಯಲ್ಲಿ ಉತ್ತರ ಹೇಳಲು ತೊದಲುವುದು ಇದಕ್ಕೇ. ಅಪ್ಪನ ಸ್ಕ್ಯಾನ್ ಹಿಡಿದು ಬಂದವರಲ್ಲಿ ನಾನೀಗ ತಿರುಗಿ ಕೇಳುವುದು: ಬಿ.ಪಿ. ಎಷ್ಟಿದೆ, ಮಾತ್ರೆ ದಿನವೂ ಹೋಗುತ್ತಿದೆಯೇ, ಹೊಗೆಸೊಪ್ಪು ಬಿಟ್ಟರೇ, ಮುಖ ಓರೆಯಾದರೆ ಎಲ್ಲೂ ನಿಲ್ಲದೆ ನೇರ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ಗೊತ್ತಿದೆಯೇ. ಕೆಲವರಿಗೆ ಇದು ಉಪೇಕ್ಷೆಯ ಮಾತಾಗಿ ಕೇಳುತ್ತದೆ, ಸ್ಟೆಂಟಿನ ಗುಟ್ಟನ್ನು ನಾನು ಬಚ್ಚಿಡುತ್ತಿದ್ದೇನೆಂದು ಒಬ್ಬರು ಕೋಪಿಸಿಕೊಂಡೂ ಹೋದರು.

ಭಾವ ಈಗ ತೋಟಕ್ಕೆ ಇಳಿಯುತ್ತಾರೆ. ಕಳೆದ ವರ್ಷ ಹಲ್ಲು ಕೀಳಿಸುವಾಗ ರಕ್ತ ತೆಳುವಾಗಿಸುವ ಮಾತ್ರೆಯನ್ನು ವಾರ ನಿಲ್ಲಿಸಿ ಬನ್ನಿ ಎಂದು ಹಲ್ಲಿನ ವೈದ್ಯರು ಹೇಳಿದ್ದಕ್ಕೆ, ಅಕ್ಕ ಮಂಗಳೂರಿಗೆ ಫೋನು ಮಾಡಿ ಕೇಳಿ, ನಿಲ್ಲಿಸದೆಯೇ ಭಾವನ ಹಲ್ಲು ಕೀಳಿಸಿಕೊಂಡು ಬಂದಳು. ಬಲಗೈಯ ಹಿಡಿತ ಮುಕ್ಕಾಲು ಪಾಲು ಮರಳಿದೆ; ವಾಲ್ವು ತಿರುಗಿಸಲು ಎರಡೂ ಕೈ ಬೇಕು. ಪಂಪ್‌ಶೆಡ್ಡಿನ ಗೋಡೆಯ ನೋಟುಪುಸ್ತಕವನ್ನು ಮೊನ್ನೆ ತಿರುವಿ ನೋಡಿದೆ. 2023ರ ಫೆಬ್ರವರಿಯ ಆ ದಿನದ “6.10” ಅವರ ಬಲಗೈಯ ದುಂಡು ಅಕ್ಷರದಲ್ಲಿದೆ. ಅಲ್ಲಿಂದ ಮಳೆ ಹಿಡಿಯುವವರೆಗೆ ಅಕ್ಕನ ಅಕ್ಷರ. ಆ ಡಿಸೆಂಬರಿನಿಂದ ಮತ್ತೆ ಭಾವನದ್ದೇ, ಎಡಗೈಯಲ್ಲಿ ಬರೆದದ್ದು, ಗೆರೆ ಬಿಟ್ಟು ಮೇಲಕ್ಕೆ ಹತ್ತಿದ ಅಂಕಿಗಳು.